ಕೋಲು ಹಿಡಿದ ಕೈ, ಕೋಲು ಕೆತ್ತಿದ ಕೈ

ಮುಂಜಾನೆ ನಾಲ್ಕು ಕಾಲು, ಮಧ್ಯಾಹ್ನ ಎರಡು ಕಾಲು, ಸಂಜೆಗೆ ಮೂರು ಕಾಲು. ಇದು ಯಾವ ಪ್ರಾಣಿ? ಗ್ರೀಕರ ಪುರಾಣದಿಂದ ಹೊರಟ ಈ ಒಗಟು ಜಗತ್ತಿನ ಎಷ್ಟೋ ಭಾಷೆಗಳನ್ನು ಸುತ್ತಿ ಬಂದಿದೆ. ಉತ್ತರ ಎಲ್ಲರಿಗೂ ಗೊತ್ತು, ಮನುಷ್ಯ. ಆದರೆ ಒಗಟಿನಲ್ಲಿ ಆ ಮೂರನೆಯ ಕಾಲಿಗೆ ದೊರೆತ ಮನ್ನಣೆ ಇತಿಹಾಸದ ಪುಸ್ತಕಗಳಲ್ಲಿ ದೊರೆತಿಲ್ಲ. ಖಡ್ಗದ ಚರಿತ್ರೆ ಬರೆದವರುಂಟು, ನಾಣ್ಯದ ಚರಿತ್ರೆ ಬರೆದವರುಂಟು. ಇವೆರಡಕ್ಕಿಂತಲೂ ಮೊದಲೇ ಮನುಷ್ಯನ ಕೈಸೇರಿದ ಕೋಲಿನ ಕಡೆಗೆ ನಾವು ತಿರುಗಿ ನೋಡಿದ್ದು ಕಡಿಮೆ. ನೋಡಿದಾಗಲೂ ಕೋಲು ಹಿಡಿದವನನ್ನು ನೋಡಿದ್ದೇವೆ. ಕೋಲನ್ನು ಮಾಡಿದವನನ್ನು ಕೇಳಿಲ್ಲ.

ಇಂದು ನಾನು ನಿಮ್ಮ ಮುಂದೆ ಎರಡು ಬಗೆಯ ಕೋಲುಗಳನ್ನು ಇಡಬೇಕೆಂದಿದ್ದೇನೆ. ಒಂದು, ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳ ಕೋಲು. ನವಲಗುಂದದ ಎರೆ ಹೊಲದಲ್ಲಿ, ಕುಂದಗೋಳದ ಪಡಸಾಲೆಯಲ್ಲಿ, ಕಲಘಟಗಿಯ ಕಾಡಂಚಿನಲ್ಲಿ, ಅಣ್ಣಿಗೇರಿಯ ಜಾತ್ರೆಯಲ್ಲಿ ಕಾಣುವಂಥದು. ಇನ್ನೊಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ನಾವಿಕರು ತಿಮಿಂಗಿಲದ ಹಲ್ಲು ಮತ್ತು ಎಲುಬಿನಿಂದ ಕಡೆದು, ಅದರ ಮೇಲೆ ಹಡಗು, ಹಗ್ಗ, ಲಂಗರುಗಳ ಚಿತ್ರ ಕೊರೆದ ಕೈಗೋಲು. ಈ ಕೊರೆವ ಕಲೆಯನ್ನು ಇಂಗ್ಲಿಷಿನವರು ಸ್ಕ್ರಿಮ್‌ಷಾ ಎನ್ನುತ್ತಾರೆ. ಕಡಲನ್ನೇ ಕಾಣದ ಎರೆನಾಡಿಗೂ ಆ ಕಡಲ ಕೋಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವುಂಟು; ಅದಕ್ಕೆ ಕೊಂಚ ದೂರದ ದಾರಿ ನಡೆಯಬೇಕು.

ಮೊದಲು ನಮ್ಮ ಕೋಲು. ಭಾಷೆಯಲ್ಲಿಯೇ ಅದರ ಸಿರಿಯನ್ನು ನೋಡಬಹುದು. ಮುಪ್ಪಿನವರಿಗೆ ಊರುಗೋಲು, ಜಂಗಮರಿಗೆ ಬೆತ್ತ, ಒಕ್ಕಲಿಗನಿಗೆ ಬಾರುಕೋಲು, ಜಗಳಕ್ಕೆ ಬಡಿಗೆ, ಸರಕಾರಕ್ಕೆ ಛಡಿ, ಹಬ್ಬಕ್ಕೆ ಕೋಲಾಟದ ಕೋಲು, ದೇವರಿಗೆ ನಂದಿಕೋಲು. ಹಾವು ಸಾಯಬೇಕು, ಕೋಲು ಮುರಿಯಬಾರದು ಎಂಬುದು ನಮ್ಮ ವ್ಯವಹಾರಜ್ಞಾನ. ಬಡಿಗೆ ಕೊಟ್ಟು ಬಡಿಸಿಕೊಳ್ಳುವುದು ನಮ್ಮ ಪೆದ್ದುತನ. ಮನೆಗೆ ಆಸರೆಯಾದ ಮಗನನ್ನು ಮುಪ್ಪಿನ ಊರುಗೋಲು ಎನ್ನುತ್ತೇವೆ. ಒಂದು ವಸ್ತು ಜನರ ಬದುಕಿನೊಳಗೆ ಎಷ್ಟು ಇಳಿದಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಶಾಸನ ಬೇಡ.

ಧರ್ಮದ ಇತಿಹಾಸದಲ್ಲಿಯೂ ಕೋಲು ದೊಡ್ಡ ಸ್ಥಾನದಲ್ಲಿ ಕುಳಿತಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಅಂದರೆ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಎದ್ದ ಹನ್ನೊಂದನೆಯ ಶತಮಾನದ ಸುಮಾರಿಗೆ, ಈ ನಾಡಿನಲ್ಲಿ ಪ್ರಬಲರಾಗಿದ್ದ ಶೈವ ಯತಿಗಳು ಕಾಳಾಮುಖರು. ಗದುಗಿನ ತ್ರಿಕೂಟೇಶ್ವರ, ಬಳ್ಳಿಗಾವಿಯ ಕೋಡಿಯ ಮಠ, ಇವೆಲ್ಲ ಅವರ ಕೇಂದ್ರಗಳು. ಅವರ ಸಿದ್ಧಾಂತಕ್ಕೆ ಶಾಸನಗಳು ಕೊಡುವ ಹೆಸರು ಲಾಕುಳ ಎಂದು. ಗುಜರಾತಿನ ಕಾಯಾವರೋಹಣದಲ್ಲಿ ನೆಲೆಸಿದ್ದನೆನ್ನುವ ಲಕುಲೀಶನಿಂದ ಬಂದದ್ದು ಆ ಹೆಸರು. ಲಕುಲ ಎಂದರೆ ದೊಣ್ಣೆ. ಶಿಲ್ಪದಲ್ಲಿ ಲಕುಲೀಶನನ್ನು ಗುರುತಿಸುವುದು ಅವನ ಕೈಯೊಳಗಿನ ಆ ದಂಡದಿಂದಲೇ. ಒಂದು ದರ್ಶನಕ್ಕೆ ಅದರ ಗುರು ಹಿಡಿದ ಕೋಲಿನಿಂದ ಹೆಸರು ಬಂದಿತೆನ್ನುವುದು ಸಾಮಾನ್ಯ ಮಾತಲ್ಲ. ಕಾಳಾಮುಖರು ಹೋದರು, ಅವರ ಮಠಗಳು ಬೇರೆಯವಾದವು. ಆದರೆ ಜೋಳಿಗೆ ಹೆಗಲಿಗೆ ಹಾಕಿ, ಬೆತ್ತ ಊರಿ ಊರೂರು ತಿರುಗುವ ಗುರುವಿನ ರೂಪ ನಮ್ಮ ಕಣ್ಣಿನಿಂದ ಮರೆಯಾಗಲಿಲ್ಲ.

ಆ ಲಕುಲೀಶನ ಮೂರ್ತಿಯನ್ನು ಕಡೆದ ಶಿಲ್ಪಿಗಳಲ್ಲಿ ಕೆಲವರ ಹೆಸರಾದರೂ ಕಲ್ಲಿನಲ್ಲಿ ಉಳಿದಿವೆ. ಕೋಲು ಕಡೆದವರ ಹೆಸರು ಉಳಿಯಲಿಲ್ಲ. ಕಾರಣ ಸರಳವಾದದ್ದು. ಕಟ್ಟಿಗೆ ಕಲ್ಲಿನಂತೆ ಬಾಳುವುದಿಲ್ಲ. ಕೋಲು ಸವೆಯುತ್ತದೆ, ಮುರಿಯುತ್ತದೆ, ಕೊನೆಗೆ ಒಲೆ ಸೇರುತ್ತದೆ.

ನಮ್ಮ ಜಿಲ್ಲೆಯ ನೆಲವೇ ಕೋಲಿನ ಜಾತಿಯನ್ನು ಗೊತ್ತುಮಾಡುತ್ತದೆ. ನವಲಗುಂದ, ಅಣ್ಣಿಗೇರಿಗಳ ಸುತ್ತಿನದು ಗಿಡಮರಗಳಿಗೆ ಬಡತನವಿರುವ ಎರೆನೆಲ. ಕಣ್ಣು ಹಾಯುವವರೆಗೆ ಹತ್ತಿ, ಜೋಳ, ಕಡಲೆ, ಕುಸುಬಿ. ಅಲ್ಲಿಯವರಿಗೆ ಹೊಲದ ಬದುವಿನ ಜಾಲಿ, ಬೇವುಗಳೇ ಗತಿ. ಕಲಘಟಗಿಗೆ ಬಂದರೆ ಮಲೆನಾಡಿನ ಸೆರಗು. ಸಾಗವಾನಿ, ಬಿದಿರುಗಳ ಕಾಡು. ಇನ್ನೂ ಪಶ್ಚಿಮಕ್ಕೆ ಯಲ್ಲಾಪುರದ ಕಡೆಗೆ ಇಳಿದರೆ, ಘಟ್ಟದ ತೇವದಲ್ಲಿ ಬೆಳೆಯುವ ಬೆತ್ತದ ಬಳ್ಳಿ. ಹೀಗೆ ಒಬ್ಬನ ಕೈಯೊಳಗಿನ ಕೋಲನ್ನು ನೋಡಿ ಅವನ ಊರಿನ ಮಣ್ಣನ್ನು ಹೇಳಬಹುದಿತ್ತು. ಎರೆಸೀಮೆಯ ಒಕ್ಕಲಿಗನ ಕೈಯಲ್ಲಿ ಒಳ್ಳೆಯ ಗಟ್ಟಿ ಬಿದಿರಿನ ಕೋಲು ಇತ್ತೆಂದರೆ, ಅವನು ಪಶ್ಚಿಮದ ಸಂತೆಗೆ ಹೋಗಿಬಂದನೆಂದೋ, ಇಲ್ಲವೆ ಅಲ್ಲಿಂದ ಬಂದ ಬೀಗರು ಕೊಟ್ಟುಹೋದರೆಂದೋ ತಿಳಿಯಬಹುದಿತ್ತು.

ಕೋಲು ಮಾಡುವುದಕ್ಕೂ ಒಂದು ಹದವುಂಟು. ಹಸಿ ಬಿದಿರನ್ನು ಬೆಂಕಿಯ ಝಳಕ್ಕೆ ಹಿಡಿದು, ಬಾಗಿದ್ದನ್ನು ಒತ್ತಿ ನೆಟ್ಟಗೆ ಮಾಡಬೇಕು. ಗಿಣ್ಣುಗಳನ್ನು ಸವರಿ, ಎಣ್ಣೆ ತಿಕ್ಕಿ, ಅಟ್ಟದ ಮೇಲೆ ಹೊಗೆಯಲ್ಲಿ ಇಟ್ಟು ಮಾಗಿಸಬೇಕು. ನೆಲಕ್ಕೆ ತಾಗುವ ತುದಿಗೆ ಕಬ್ಬಿಣದ ಅಣಸು, ಸಿರಿವಂತರಾದರೆ ಮೇಲೆ ಹಿತ್ತಾಳೆಯ ಕಟ್ಟು. ಇನ್ನು ಸೊಗಸಿನ ಮಾತು. ಸುಗ್ಗಿ ತೀರಿದ ಮೇಲೆ ಹೊಲಗಳಲ್ಲಿ ಕುರಿ ತರುಬುವ ಕುರುಬರ ಹುಡುಗರು ಮಾಡುವ ಒಂದು ಕೆಲಸವನ್ನು ನಾನು ನೋಡಿದ್ದೇನೆ. ಹಸಿ ಕೋಲಿನ ತೊಗಟೆಯನ್ನು ಚೂರಿಯಿಂದ ಸುರುಳಿ ಸುರುಳಿಯಾಗಿ ಸುಲಿದು, ಕೋಲನ್ನು ದಟ್ಟ ಹೊಗೆಯಲ್ಲಿ ಹೊರಳಿಸುತ್ತಾರೆ. ಸುಲಿದ ಜಾಗ ಮಸಿ ಹಿಡಿದು ಕಪ್ಪಾಗುತ್ತದೆ. ಆಮೇಲೆ ಉಳಿದ ತೊಗಟೆಯನ್ನು ತೆಗೆದರೆ ಕಪ್ಪು ಬಿಳುಪಿನ ಹಾವು ಕೋಲನ್ನು ಸುತ್ತಿಕೊಂಡಂತೆ ಕಾಣುತ್ತದೆ. ಕುರಿ ಮೇಯುತ್ತಿರುತ್ತವೆ, ಹೊತ್ತು ಹೋಗಬೇಕು, ಕೈಯಲ್ಲಿ ಚೂರಿಯಿದೆ. ಕಲೆ ಹುಟ್ಟಲು ಇಷ್ಟು ಸಾಕು. ಈ ಮಸಿಯನ್ನು ನೆನಪಿನಲ್ಲಿಡಬೇಕೆಂದು ಕೇಳುಗರಲ್ಲಿ ಕೋರುತ್ತೇನೆ. ಸಾವಿರಾರು ಹರದಾರಿ ಆಚೆ ಅದು ಮತ್ತೆ ನಮಗೆ ಎದುರಾಗುತ್ತದೆ.

ಇದರ ನೇರ ಎದುರಿಗೆ ನಿಲ್ಲುವುದು ನಂದಿಕೋಲು. ಬಸವಣ್ಣ, ವೀರಭದ್ರರ ಜಾತ್ರೆಗಳಲ್ಲಿ ಸಮಾಳದ ಸದ್ದಿಗೆ ಕುಣಿಯುವ ಆ ಎತ್ತರದ ಗಳುವಿಗೆ ಹಿತ್ತಾಳೆಯ ಗೆಜ್ಜೆ, ಗಂಟೆ, ತಗಡು, ತುದಿಯಲ್ಲಿ ನಂದಿ. ಸೊಂಟದ ಪಟ್ಟಿಯ ಆಧಾರದ ಮೇಲೆ ಅದನ್ನು ನಿಲ್ಲಿಸಿಕೊಂಡು ಒಬ್ಬನೇ ಕುಣಿಯುವಾಗ ಇಡೀ ಊರು ಉಸಿರು ಬಿಗಿಹಿಡಿದು ನೋಡುತ್ತದೆ. ನಡೆಯಲು ನೆರವಾಗುವ ಕೋಲು ಇಲ್ಲಿ ತಾನೇ ಹೊರಬೇಕಾದ ಭಾರವಾಗಿದೆ. ಕುರುಬರ ಹುಡುಗನ ಕೋಲು ಒಬ್ಬನದು, ನಂದಿಕೋಲು ಊರಿನದು. ಎರಡರಲ್ಲಿಯೂ ಮಾಡಿದವನ ಹೆಸರಿಲ್ಲ.

ಇನ್ನು ಮೂರನೆಯದು ಅಧಿಕಾರದ ಕೋಲು. ದರಬಾರಿನಲ್ಲಿ ಬೆಳ್ಳಿ ಕಟ್ಟಿದ ಕೋಲು ಹಿಡಿದು ಮುಂದೆ ನಡೆದು ಬಿರುದು ಕೂಗುವ ಚೋಪದಾರ, ಕಂಪನಿ ಸರಕಾರದಲ್ಲಿ ಸಾಹೇಬರ ಬಾಗಿಲಿಗೆ ನಿಂತ. ೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡದ ಸೀಮೆ ಇಂಗ್ಲಿಷರ ಕೈಸೇರಿದ ಮೇಲೆ, ಕಲೆಕ್ಟರರೂ ಅವರ ಕೈಕೆಳಗಿನವರೂ ತಿರುಗಾಟಕ್ಕೆ ಹಿಡಿದು ಬಂದ ನಯವಾದ ಬೆತ್ತದ ಕೋಲು ಹಳ್ಳಿಯವರ ಕಣ್ಣಿಗೆ ಬಿತ್ತು. ಮಲಾಕ್ಕಾ ಬೆತ್ತ ಎಂದು ಅದಕ್ಕೆ ಹೆಸರು. ಅದೂ ಕಡಲು ದಾಟಿ ಬಂದದ್ದೇ. ಕೋಲು ಊರಿ ನಡೆಯಬೇಕಾದ ಅಗತ್ಯವೇ ಇಲ್ಲದ ತರುಣರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಆಸರೆಯ ಕೋಲು ಅಂತಸ್ತಿನ ಕೋಲಾದದ್ದು ಹೀಗೆ. ಯುರೋಪು ಅಮೆರಿಕಗಳಲ್ಲಿ ಆಗ ಇದೇ ಪದ್ಧತಿ. ಹತ್ತೊಂಬತ್ತನೆಯ ಶತಮಾನದ ಸಂಭಾವಿತ ಗೃಹಸ್ಥ ಕೈಗೋಲಿಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ. ಆ ಬೇಡಿಕೆಯ ನೆರಳಿನಲ್ಲಿಯೇ ನಮ್ಮ ಎರಡನೆಯ ಕೋಲು ಹುಟ್ಟಿದ್ದು.

ಅಲ್ಲಿಗೆ ಹೋಗುವ ದಾರಿ ನಮ್ಮ ಊರಿನಿಂದಲೇ ಹೊರಡುತ್ತದೆ. ಅಣ್ಣಿಗೇರಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕಲಘಟಗಿ, ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದರೆ ಅಂಕೋಲೆ. ರೈಲು ಬರುವ ಮೊದಲು ಎರೆಸೀಮೆಯ ಹತ್ತಿ ಇಂಥ ಘಟ್ಟದ ದಾರಿಗಳಲ್ಲಿಯೇ ಕಡಲಿಗೆ ಇಳಿಯುತ್ತಿತ್ತು. ಅದರಲ್ಲಿ ಬಹುಪಾಲು ಹೋಗುತ್ತಿದ್ದುದು ಕುಮಟೆಯ ಬಂದರಿಗೆ. ಆದ್ದರಿಂದಲೇ ಧಾರವಾಡದ ನಾಟಿ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರು ನಿಂತಿತು. ಕುಮಟೆಯಲ್ಲಿ ಹತ್ತಿಯ ಗಿಡವನ್ನು ಹುಡುಕಿ ಹೋದವನು ತೆಂಗಿನ ತೋಟವನ್ನು ಕಂಡು ಬರಬೇಕು! ಬಂಡಿಗಳು ಹಿಂದಿರುಗುವಾಗ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ ಹೇರಿಕೊಂಡು ಘಟ್ಟ ಹತ್ತುತ್ತಿದ್ದವು. ಬಾರುಕೋಲು ಹಿಡಿದ ಬಂಡಿಯವನೇ ನಮ್ಮ ಕಡೆಯ ಮೊದಲ ಕಡಲ ಯಾತ್ರಿಕ.

೧೮೪೦ರ ದಶಕದಲ್ಲಿ ಆ ಹತ್ತಿಗೆ ಇನ್ನೊಂದು ಬಂಧುತ್ವ ಕೂಡಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಕಂಪನಿ ಸರಕಾರ ಅಮೆರಿಕದಿಂದ ಬೇಸಾಯ ಬಲ್ಲವರನ್ನೂ ನ್ಯೂ ಆರ್ಲಿಯನ್ಸಿನ ಬೀಜವನ್ನೂ ತರಿಸಿತು. ಹುಬ್ಬಳ್ಳಿಯ ಪೂರ್ವಕ್ಕಿರುವ ಕುಸುಗಲ್ಲಿನಲ್ಲಿ ಅದರ ಪ್ರಯೋಗದ ಹೊಲ ನಡೆಯಿತು. ಬೇರೆ ಜಿಲ್ಲೆಗಳಲ್ಲಿ ಸೋತ ಆ ಬೀಜ ನಮ್ಮ ಎರೆಯಲ್ಲಿ ಬೇರು ಬಿಟ್ಟಿತು. ಧಾರವಾಡ ಅಮೆರಿಕನ್ ಎಂಬ ಹೆಸರಿನ ಹತ್ತಿಯಾಯಿತು. ಹೀಗೆ ನವಲಗುಂದದ ರೈತನ ಹೊಲವೂ ಅಮೆರಿಕದ ದಕ್ಷಿಣದ ಹೊಲವೂ ಒಬ್ಬರನ್ನೊಬ್ಬರು ಕಾಣದೆಯೇ ನೆರೆಹೊರೆಯಾದವು.

ಅದೇ ಕಾಲಕ್ಕೆ ಅಮೆರಿಕದ ಉತ್ತರದ ಕರಾವಳಿಯಲ್ಲಿ ಬೇರೊಂದು ಬೆಳೆಯ ಸುಗ್ಗಿ ನಡೆದಿತ್ತು. ಅದು ಕಡಲಿನ ಬೆಳೆ. ಮ್ಯಾಸಚುಸೆಟ್ಸಿನ ನಾನ್‌ಟಕೆಟ್, ನ್ಯೂ ಬೆಡ್‌ಫರ್ಡ್ ಎಂಬ ಬಂದರುಗಳಿಂದ ತಿಮಿಂಗಿಲ ಬೇಟೆಯ ಹಡಗುಗಳು ಜಗತ್ತಿನ ಎಲ್ಲ ಸಾಗರಗಳಿಗೂ ಹೊರಡುತ್ತಿದ್ದವು. ೧೮೪೬ರ ಸುಮಾರಿಗೆ ಅಮೆರಿಕದ ಇಂಥ ಹಡಗುಗಳ ಸಂಖ್ಯೆ ೭೦೦ನ್ನು ಮೀರಿತ್ತು. ಬೇಟೆಯ ಉದ್ದೇಶ ಮಾಂಸವಲ್ಲ, ಎಣ್ಣೆ. ಬಾಸ್ಟನ್, ಲಂಡನ್ ನಗರಗಳ ದೀಪಗಳು ಉರಿದದ್ದು, ಗಿರಣಿಗಳ ಯಂತ್ರಗಳು ತಿರುಗಿದ್ದು ಆ ಎಣ್ಣೆಯಿಂದ. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ಸಿಗುವ ಮೇಣದಂಥ ದ್ರವದಿಂದ ಆ ಕಾಲದ ಅತ್ಯುತ್ತಮವಾದ ಮೇಣದಬತ್ತಿಗಳಾಗುತ್ತಿದ್ದವು. ನಮ್ಮ ಹಳ್ಳಿಯ ಮನೆಗಳಲ್ಲಿ ಔಡಲೆಣ್ಣೆ, ಕುಸುಬಿ ಎಣ್ಣೆಯ ಹಣತೆ ಮಿಣುಕುತ್ತಿದ್ದ ಹೊತ್ತಿಗೆ ಅಲ್ಲಿ ತಿಮಿಂಗಿಲ ಉರಿಯುತ್ತಿತ್ತು.

ಒಂದು ಯಾನಕ್ಕೆ ಮೂರು ನಾಲ್ಕು ವರುಷ. ತಿಮಿಂಗಿಲ ಕಂಡ ದಿನ ಜೀವದ ಹಂಗು ತೊರೆದ ದುಡಿಮೆ. ಕಾಣದ ದಿನ ಮಾಡಲು ಏನೂ ಇಲ್ಲ. ಕಾಣದ ದಿನಗಳೇ ಹೆಚ್ಚು. ಸ್ಪರ್ಮ್ ತಿಮಿಂಗಿಲದ ಕೆಳದವಡೆಯಲ್ಲಿ ೪೦, ೫೦ ಹಲ್ಲುಗಳಿರುತ್ತವೆ, ಒಂದೊಂದೂ ಗೇಣುದ್ದದವರೆಗೆ. ಹಡಗಿನ ಮಾಲೀಕರಿಗೆ ಎಣ್ಣೆಯ ಮುಂದೆ ಹಲ್ಲಿಗೆ ಬೆಲೆಯಿಲ್ಲ. ಆದ್ದರಿಂದ ಅದು ನಾವಿಕರ ಪಾಲು. ಆ ಹಲ್ಲು ಮೂಲದಲ್ಲಿ ಒರಟು, ಗೀರುಗೀರಾದದ್ದು. ನಾವಿಕ ಅದನ್ನು ಚೂರಿಯಿಂದ ಹೆರೆದು, ಶಾರ್ಕ್ ಮೀನಿನ ಗರಗಸದಂಥ ಚರ್ಮದಿಂದ ಉಜ್ಜಿ, ನಯ ಮಾಡುತ್ತಿದ್ದ. ಮೇಲೆ ಹಡಗಿನ ಚಿತ್ರವನ್ನೋ, ಊರಿನಲ್ಲಿ ಬಿಟ್ಟುಬಂದ ಹೆಣ್ಣಿನ ಚಿತ್ರವನ್ನೋ ಹಾಯಿ ಹೊಲಿಯುವ ಸೂಜಿಯ ಮೊನೆಯಿಂದ ಗೀರುತ್ತಿದ್ದ. ಗೀರಿದ ಗೆರೆ ಬಿಳುಪಿನಲ್ಲಿ ಬಿಳುಪಾಗಿ ಕಾಣದು. ಆಗ ದೀಪದ ಕಾಡಿಗೆಯನ್ನೋ, ಕೊಬ್ಬು ಕಾಯಿಸುವ ಒಲೆಯ ಮಸಿಯನ್ನೋ ಎಣ್ಣೆಯಲ್ಲಿ ಕಲಸಿ ತಿಕ್ಕಿ ಒರೆಸಿದರೆ, ಗೆರೆಯೊಳಗೆ ಮಾತ್ರ ಕಪ್ಪು ನಿಂತು ಚಿತ್ರ ಎದ್ದುಬರುತ್ತಿತ್ತು. ನಮ್ಮ ಕುರಿ ಕಾಯುವ ಹುಡುಗನ ಮಸಿ ಇಲ್ಲಿ ಮತ್ತೆ ಕಂಡಿತಲ್ಲವೆ? ಇವನ ಮುಂದೆ ಕುರಿ ಹಿಂಡು, ಅವನ ಮುಂದೆ ಬರಿದಾದ ಕಡಲು. ಇಬ್ಬರ ಕೈಯಲ್ಲೂ ಚೂರಿ, ಇಬ್ಬರ ಮೇಲೂ ಹೊತ್ತಿನ ಭಾರ.

ಕೈಗೋಲಿಗೆ ಬೇಕಾದ ಉದ್ದನೆಯ ಎಲುಬು ಸಿಗುತ್ತಿದ್ದುದು ಆ ತಿಮಿಂಗಿಲದ ದವಡೆಯಿಂದ. ದವಡೆಯ ಹಿಂಬದಿಯ ಅಗಲವಾದ, ಗಟ್ಟಿ ಭಾಗವನ್ನು ಉದ್ದಕ್ಕೆ ಸೀಳಿ, ಅರದಿಂದ ಉಜ್ಜಿ ಇಲ್ಲವೆ ಚರಕಿಗೆ ಕೊಟ್ಟು ಕಡೆಯುತ್ತಿದ್ದರು. ಕೆಲವು ಕೋಲುಗಳಿಗೆ ಹುರಿಗೊಳಿಸಿದ ಹಗ್ಗದಂತೆ ತಿರುವು, ಕೆಲವಕ್ಕೆ ಕಂಬಗಳಿಗಿರುವಂಥ ಗೆರೆಪಟ್ಟೆ. ಹಿಡಿಕೆ ಹಲ್ಲಿನದು. ಅದು ಬಿಗಿಹಿಡಿದ ಮುಷ್ಟಿಯಾಗಿರಬಹುದು, ಹದ್ದಿನ ತಲೆಯಾಗಿರಬಹುದು, ಕೋಲನ್ನು ಸುತ್ತಿದ ಹಾವಾಗಿರಬಹುದು, ನಾವಿಕರು ಹಾಕುವ ಜಡೆಗಂಟಿನ ಆಕಾರವಾಗಿರಬಹುದು. ನಡುನಡುವೆ ಆಮೆಯ ಚಿಪ್ಪು, ಕರಿಮರ, ಮುತ್ತಿನ ಚಿಪ್ಪು ಕೂರಿಸಿದ ಪಟ್ಟಿ. ನೆತ್ತಿಗೆ ಒಂದು ಬೆಳ್ಳಿಯ ನಾಣ್ಯ. ಶಾರ್ಕ್ ಮೀನಿನ ಬೆನ್ನುಮೂಳೆಯ ಮಣಿಗಳನ್ನು ಕಬ್ಬಿಣದ ಸಲಾಕೆಗೆ ಪೋಣಿಸಿ ಮಾಡಿದ ಕೋಲುಗಳೂ ಉಂಟು. ಹೆಂಡತಿಗೆಂದು ಕರ್ಚಿಕಾಯಿಯ ಅಂಚು ಕತ್ತರಿಸುವಂಥ ಹಲ್ಲುಗಾಲಿ, ತಂದೆಗೆಂದು ಕೈಗೋಲು. ಊರಿಗೆ ಒಯ್ಯುವ ಉಡುಗೊರೆಗಳಲ್ಲಿ ಇವು ಮುಖ್ಯವಾದವು. ಓಲಾಡುವ ಹಡಗಿನ ಮೇಲೆ ನಿಲ್ಲಲು ಕಾಲಿಗೆ ನೆಲೆಯಿಲ್ಲದವರು, ಗಟ್ಟಿ ನೆಲದ ಮೇಲೆ ನಡೆಯುವವರಿಗಾಗಿ ಕೋಲು ಮಾಡುತ್ತಿದ್ದರು. ಇದರಲ್ಲಿರುವ ವಾತ್ಸಲ್ಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಾವಿಕರು ಯಾರು? ನ್ಯೂ ಇಂಗ್ಲೆಂಡಿನ ಬಡ ಒಕ್ಕಲು ಮಕ್ಕಳು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕರಿಯರು, ಅಮೆರಿಕದ ಮೂಲನಿವಾಸಿಗಳು, ಅಜೋರಸ್ ಮತ್ತು ಕೇಪ್ ವರ್ಡ್ ದ್ವೀಪಗಳ ಪೋರ್ಚುಗೀಜ್ ಮಾತಿನವರು, ಶಾಂತಸಾಗರದ ದ್ವೀಪವಾಸಿಗಳು. ಅವರಿಗೆ ತಿಂಗಳ ಪಗಾರವಿರಲಿಲ್ಲ. ಬಂದ ಎಣ್ಣೆಯಲ್ಲಿ ಒಂದು ಸಣ್ಣ ಪಾಲು. ನಾಲ್ಕು ವರುಷ ದುಡಿದು ಬಂದವನು ಮುಂಗಡ, ಬಟ್ಟೆಬರೆಯ ಲೆಕ್ಕ ಕಳೆದು ಬರಿಗೈಯಲ್ಲಿ ಇಳಿದದ್ದೂ ಉಂಟು. ಅವರಲ್ಲಿ ತಮ್ಮ ಕೆಲಸದ ಮೇಲೆ ಹೆಸರು ಕೊರೆದವರು ಬೆರಳೆಣಿಕೆಯಷ್ಟು. ಫ್ರೆಡರಿಕ್ ಮೈರಿಕ್ ಎಂಬವನು ನಾನ್‌ಟಕೆಟ್ಟಿನ ಸೂಸನ್ ಎಂಬ ಹಡಗಿನಲ್ಲಿ ೧೮೨೮, ೧೮೨೯ರಲ್ಲಿ ಹಲ್ಲುಗಳ ಮೇಲೆ ಹಡಗಿನ ಚಿತ್ರದೊಡನೆ ತನ್ನ ಹೆಸರು, ದಿನಾಂಕಗಳನ್ನು ಕೊರೆದ. ಅವನ ಹಲ್ಲುಗಳಿಗೆ ಇಂದು ಸಂಗ್ರಹಕಾರರಲ್ಲಿ ದೊಡ್ಡ ಹೆಸರಿದೆ. ಸಾವಿರಗಟ್ಟಲೆ ಉಳಿದವು ಅನಾಮಿಕವಾಗಿವೆ. ಯಾರ ಕೈಗೋಲೆಂಬುದು ಕೆಲವೊಮ್ಮೆ ತಿಳಿಯುತ್ತದೆ, ಏಕೆಂದರೆ ಹಿಡಿದವನ ಹೆಸರನ್ನು ಹಿಡಿಕೆಯ ಮೇಲೆ ಕೊರೆದಿರುತ್ತಾರೆ. ಕೊರೆದವನ ಹೆಸರಿಗೆ ಜಾಗವಿಲ್ಲ.

ಸಾಹಿತ್ಯ ಬಲ್ಲ ಕೇಳುಗರಿಗೆ ಇಲ್ಲಿ ಒಂದು ಕಾದಂಬರಿ ನೆನಪಾಗಿಯೇ ಇರುತ್ತದೆ. ಹರ್ಮನ್ ಮೆಲ್ವಿಲ್ ೧೮೪೧ರಲ್ಲಿ ಅಕುಶ್ನೆಟ್ ಎಂಬ ಬೇಟೆಯ ಹಡಗನ್ನು ಹತ್ತಿ ಹೋದವನು. ಆ ಅನುಭವದಿಂದ ೧೮೫೧ರಲ್ಲಿ ‘ಮೋಬಿ ಡಿಕ್’ ಬರೆದ. ನಾವಿಕರ ಈ ಕೆತ್ತನೆಯ ಪ್ರಸ್ತಾಪ ಅದರಲ್ಲಿ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅದರ ನಾಯಕ, ಕ್ಯಾಪ್ಟನ್ ಅಹಾಬ್. ತಿಮಿಂಗಿಲವೊಂದು ಅವನ ಕಾಲನ್ನು ತಿಂದಿದೆ. ಆ ಜಾಗಕ್ಕೆ ಅವನು ಕಟ್ಟಿಕೊಂಡದ್ದು ತಿಮಿಂಗಿಲದ್ದೇ ದವಡೆಯ ಎಲುಬಿನ ಕಾಲು. ಹಡಗಿನ ಅಟ್ಟದ ಹಲಗೆಯಲ್ಲಿ ಕೊರೆದ ರಂಧ್ರದೊಳಗೆ ಆ ಕಾಲನ್ನು ಊರಿ ನಿಂತು ಅವನು ಕಡಲನ್ನು ದಿಟ್ಟಿಸುತ್ತಾನೆ. ತನ್ನ ವೈರಿಯ ಎಲುಬನ್ನೇ ಊರುಗೋಲಾಗಿ ಮಾಡಿಕೊಂಡ ಮನುಷ್ಯನ ಚಿತ್ರ ಅದು. ನಾವು ಮೆಚ್ಚಿ ನೋಡುವ ಪ್ರತಿಯೊಂದು ತಿಮಿಂಗಿಲದ ಕೈಗೋಲಿನ ಹಿಂದೆಯೂ ಒಂದು ಕೊಲೆಯಿದೆ ಎಂಬುದನ್ನು ಮೆಲ್ವಿಲ್ ನಮಗೆ ಮರೆಯಗೊಡುವುದಿಲ್ಲ.

ಈಗ ಎರಡು ದಾರಿಗಳೂ ಕೂಡುವ ಜಾಗಕ್ಕೆ ಬಂದೆವು. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಉತ್ತರದವರು ದಕ್ಷಿಣದ ಹತ್ತಿಯ ಬಂದರುಗಳನ್ನು ಮುಚ್ಚಬೇಕೆಂದು ನಿಶ್ಚಯಿಸಿದರು. ಅದಕ್ಕೆ ಅವರು ಮಾಡಿದ ಒಂದು ಉಪಾಯ ವಿಚಿತ್ರವಾದದ್ದು. ನ್ಯೂ ಬೆಡ್‌ಫರ್ಡ್ ಮೊದಲಾದ ಬಂದರುಗಳಲ್ಲಿ ಮುಪ್ಪಾಗಿ ಬಿದ್ದಿದ್ದ ತಿಮಿಂಗಿಲ ಬೇಟೆಯ ಹಡಗುಗಳನ್ನು ಕೊಂಡು, ಕಲ್ಲು ತುಂಬಿಸಿ, ೧೮೬೧ರ ಡಿಸೆಂಬರಿನಲ್ಲಿಯೂ ೧೮೬೨ರ ಜನವರಿಯಲ್ಲಿಯೂ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ ಮುಳುಗಿಸಿದರು. ಕಲ್ಲಿನ ಪಡೆ ಎಂದು ಅದಕ್ಕೆ ಹೆಸರಾಯಿತು. ಹಡಗುಗಳ ಮುಳುಗಡೆಯಿಂದ ಬಂದರು ಬಹುಕಾಲ ಮುಚ್ಚಲಿಲ್ಲ. ಆದರೆ ನೌಕಾಪಡೆಯ ಕಾವಲು ಹತ್ತಿಯನ್ನು ತಡೆಯಿತು. ಲ್ಯಾಂಕಾಶೈರಿನ ಗಿರಣಿಗಳು ಬಾಯಿಬಿಟ್ಟುಕೊಂಡು ಪೂರ್ವಕ್ಕೆ ನೋಡಿದವು. ಆಗ ಏರಿದ್ದು ನಮ್ಮ ಹತ್ತಿಯ ಬೆಲೆ. ನವಲಗುಂದದ ಎರೆಯಿಂದ ಬಂಡಿಗಳು ಘಟ್ಟದ ದಾರಿ ಹಿಡಿದವು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂಬ ಒತ್ತಾಯದ ಬೆನ್ನಲ್ಲಿಯೇ ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ೧೮೬೫ರಲ್ಲಿ ಯುದ್ಧ ನಿಂತಿತು. ಹತ್ತಿಯ ಬೆಲೆ ಕುಸಿದು ಮುಂಬಯಿಯಲ್ಲಿ ಕೊಠಿಗಳು ಮುಳುಗಿದವು. ಅದೇ ವರುಷ ದಕ್ಷಿಣದವರ ಶೆನಂಡೋವಾ ಎಂಬ ಹಡಗು, ಯುದ್ಧ ಮುಗಿದ ಸುದ್ದಿಯನ್ನು ನಂಬದೆ, ಬೇರಿಂಗ್ ಸಮುದ್ರದಲ್ಲಿ ೨೦ಕ್ಕೂ ಹೆಚ್ಚು ಬೇಟೆಯ ಹಡಗುಗಳನ್ನು ಸುಟ್ಟಿತು. ಒಂದೇ ಯುದ್ಧ ನಮ್ಮ ಒಕ್ಕಲಿಗನ ಕೈಯಲ್ಲಿ ನಾಲ್ಕು ದಿನ ಬೆಳ್ಳಿ ರೂಪಾಯಿ ಆಡಿಸಿತು, ಆ ನಾವಿಕನ ಹಡಗನ್ನು ಕಡಲ ತಳಕ್ಕೆ ಇಳಿಸಿತು. ಇಬ್ಬರಿಗೂ ಅದರ ಕಾರಣ ಪೂರ್ತಿ ತಿಳಿದಿರಲಾರದು.

ಬೇಟೆಗೆ ಕೊನೆಯ ಪೆಟ್ಟು ಕೊಟ್ಟದ್ದು ಮಾತ್ರ ಯುದ್ಧವಲ್ಲ, ನೆಲದೊಳಗಿನ ಎಣ್ಣೆ. ೧೮೫೯ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್ಲಿನಲ್ಲಿ ಡ್ರೇಕ್ ಎಂಬವನು ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕಿತು. ಕೆಲವೇ ದಶಕಗಳಲ್ಲಿ ಸೀಮೆಎಣ್ಣೆ ಜಗತ್ತಿನ ದೀಪವಾಯಿತು. ಬಾಸ್ಟನ್ನಿನ ತಿಮಿಂಗಿಲದ ದೀಪವನ್ನು ಆರಿಸಿದ ಅದೇ ಎಣ್ಣೆ ಕುಂದಗೋಳದ ಪಡಸಾಲೆಯ ಔಡಲೆಣ್ಣೆಯ ಹಣತೆಯನ್ನೂ ಆರಿಸಿ, ಚಿಮಣಿಯಾಗಿ ಗೂಡು ಸೇರಿತು. ಹಾಯಿಹಡಗಿನ ಬೇಟೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಗಿಯಿತು. ೧೮೪೧ರಲ್ಲಿ ಕಟ್ಟಿದ ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಎಂಬ ಹಡಗೊಂದು ೩೭ ಯಾನಗಳನ್ನು ಮುಗಿಸಿ, ಈಗ ಕನೆಕ್ಟಿಕಟ್ಟಿನ ಮಿಸ್ಟಿಕ್ ಬಂದರಿನ ವಸ್ತುಸಂಗ್ರಹಾಲಯದಲ್ಲಿ ವಿಶ್ರಾಂತಿ ಪಡೆಯುತ್ತಿದೆ. ಕೆತ್ತನೆಯ ಹಲ್ಲುಗಳ ಮತ್ತು ಕೋಲುಗಳ ದೊಡ್ಡ ಸಂಗ್ರಹ ನ್ಯೂ ಬೆಡ್‌ಫರ್ಡಿನ ಸಂಗ್ರಹಾಲಯದಲ್ಲಿದೆ.

ಮಾಡುವವರು ಹೋದ ಮೇಲೆ ಕೊಳ್ಳುವವರು ಬಂದರು. ಅಧ್ಯಕ್ಷ ಕೆನಡಿ ಇಂಥ ಹಲ್ಲುಗಳನ್ನು ಕೂಡಿಸಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಬೆಲೆ ಏರಿತು; ಬೆಲೆ ಏರಿದ ಮೇಲೆ ನಕಲು ಬಂದಿತು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಹಲ್ಲಿನ ಮೇಲೆ ಹಳೆಯ ದಿನಾಂಕ, ಹಳೆಯ ಹಡಗಿನ ಹೆಸರು. ಕಾಯಿಸಿದ ಸೂಜಿ ತಾಗಿಸಿದರೆ ಪ್ಲಾಸ್ಟಿಕ್ ಕರಗುತ್ತದೆ, ಹಲ್ಲು ಕರಗುವುದಿಲ್ಲ ಎಂಬುದು ಬಲ್ಲವರ ಪರೀಕ್ಷೆ. ಇನ್ನೊಂದು ಕಡೆ, ತಿಮಿಂಗಿಲಗಳು ಅಳಿವಿನ ಅಂಚಿಗೆ ಬಂದವು. ಹಾಯಿಹಡಗಿನ ಕಾಲಕ್ಕಿಂತ ಇಪ್ಪತ್ತನೆಯ ಶತಮಾನದ ಯಂತ್ರದ ಬೇಟೆ ಕೊಂದದ್ದೇ ಹೆಚ್ಚು. ಅಮೆರಿಕ ೧೯೭೨ರಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ ಕಾಯಿದೆ ಮಾಡಿತು; ವಾಣಿಜ್ಯದ ಬೇಟೆಯನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ೧೯೮೨ರಲ್ಲಿ ನಿರ್ಣಯಿಸಿತು. ನಮ್ಮ ದೇಶದ ವನ್ಯಜೀವಿ ಕಾಯಿದೆಯೂ ೧೯೭೨ರದೇ. ೧೯೮೬ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ನಮ್ಮ ಆನೆಯ ದಂತದ ವ್ಯಾಪಾರ ನಿಂತಿತು, ೧೯೯೧ರಲ್ಲಿ ಆಫ್ರಿಕದ ದಂತದ್ದೂ ನಿಂತಿತು. ಸಾಗರ, ಸೊರಬ, ಶಿರಸಿ, ಕುಮಟೆಗಳ ಗುಡಿಗಾರರು ಗಂಧದೊಡನೆ ದಂತವನ್ನೂ ಕೆತ್ತುತ್ತಿದ್ದವರು. ಅವರ ಉಳಿ ದಂತವನ್ನು ಬಿಟ್ಟಿತು. ಕಲೆ ಬಡವಾಯಿತೆಂದು ನಾನು ಹೇಳಲಾರೆ. ಒಂದು ಜೀವಿಯ ಉಳಿವಿನ ಮುಂದೆ ಒಂದು ಹಿಡಿಕೆಯ ಅಂದ ಚಿಕ್ಕದು. ಆದರೆ ಹಿಂದೆ ಕೆತ್ತಿದ ಕೈ ಅಪರಾಧಿಯ ಕೈಯೆಂದು ಸುಲಭವಾಗಿ ತೀರ್ಪು ಕೊಡಲೂ ಆರೆ. ಬೇಟೆಯ ಲಾಭವನ್ನು ಉಂಡವರು ಬೇರೆ, ಎಲುಬಿನ ಚೂರನ್ನು ಉಡುಗೊರೆಯಾಗಿ ಮಾಡಿದವರು ಬೇರೆ.

ಇಷ್ಟು ತಿರುಗಿ ನಮ್ಮ ಜಿಲ್ಲೆಗೆ ಮರಳೋಣ. ಕಲಘಟಗಿಯ ತೊಟ್ಟಿಲು ಎಲ್ಲರಿಗೂ ಗೊತ್ತು. ಸಾಗವಾನಿಯನ್ನು ಕಡೆದು, ಅರಗಿನ ಬಣ್ಣ ಕೊಟ್ಟು, ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಕೈಯಿಂದ ಬರೆದು ಮಾಡುವ ಆ ತೊಟ್ಟಿಲು ಒಂದೇ ಮನೆಯಲ್ಲಿ ಮೂರು ನಾಲ್ಕು ತಲೆಮಾರುಗಳನ್ನು ತೂಗುತ್ತದೆ. ಮನುಷ್ಯನ ಆಯುಷ್ಯದ ಈ ತುದಿಗೆ ತೊಟ್ಟಿಲು, ಆ ತುದಿಗೆ ಊರುಗೋಲು. ತೊಟ್ಟಿಲಿಗೆ ಊರಿನ ಹೆಸರಾದರೂ ಬಂದಿತು. ಕಲಘಟಗಿ ಎಂದೊಡನೆ ತೊಟ್ಟಿಲು ಎನ್ನುತ್ತೇವೆ. ಊರುಗೋಲಿಗೆ ಅದೂ ಬರಲಿಲ್ಲ. ಈಗ ಹಳೆಯ ವಾಡೆಗಳು ಒಂದೊಂದಾಗಿ ಬೀಳುತ್ತಿವೆ. ಕಂಬ, ಬಾಗಿಲುವಾಡ, ತೊಟ್ಟಿಲು, ಕೋಲು ಎಲ್ಲವೂ ತೂಕದ ಲೆಕ್ಕದಲ್ಲಿ ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲಾಗಿ, ದೂರದ ಶಹರಗಳ ದಿವಾಣಖಾನೆಗಳನ್ನು ಸೇರುತ್ತಿವೆ. ವಸ್ತು ಹೋಗುವುದರಲ್ಲಿ ದುಃಖವಿದೆ. ವಸ್ತುವಿನೊಡನೆ ಬರಬೇಕಾದ ಮಾತು ಹೋಗುವುದರಲ್ಲಿ ಹೆಚ್ಚಿನ ದುಃಖವಿದೆ. ಯಾವ ಊರು, ಯಾವ ಮನೆ, ಯಾವ ಬಡಿಗೇರರ ಕೈ ಎಂಬ ಒಂದು ಸಾಲೂ ಅದರೊಡನೆ ಹೋಗುವುದಿಲ್ಲ. ನ್ಯೂ ಬೆಡ್‌ಫರ್ಡಿನ ಗಾಜಿನ ಪೆಟ್ಟಿಗೆಯಲ್ಲಿ ಅನಾಮಿಕ ನಾವಿಕ ಎಂದು ಬರೆದಿರುವ ಚೀಟಿಯನ್ನು ನೋಡಿ ಮರುಗುವ ನಾವು, ನಮ್ಮ ಅಟ್ಟದ ಮೇಲೆಯೇ ಅಂಥ ಚೀಟಿಗಳನ್ನು ದಿನವೂ ಬರೆಯುತ್ತಿದ್ದೇವೆ.

ನಮ್ಮ ಕಾಲದ ಅತ್ಯಂತ ಹೆಸರಾದ ಕೋಲಿನ ಮಾತು ಹೇಳಿದರೆ ಇದು ಸ್ಪಷ್ಟವಾದೀತು. ೧೯೩೦ರಲ್ಲಿ ದಾಂಡಿಗೆ ನಡೆದ ಗಾಂಧೀಜಿಯವರ ಕೈಯಲ್ಲಿ ಇದ್ದದ್ದು ಒಂದು ಬಿದಿರಿನ ಕೋಲು. ಅದಕ್ಕೆ ಕೆತ್ತನೆಯಿಲ್ಲ, ಬೆಳ್ಳಿಯಿಲ್ಲ. ಆ ಕೋಲು ಮೂಲದಲ್ಲಿ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳದೆಂದೂ, ಅವರಿಂದ ಕಾಕಾ ಕಾಲೇಲ್ಕರರ ಕೈಸೇರಿ ಗಾಂಧೀಜಿಗೆ ಬಂದಿತೆಂದೂ ಕನ್ನಡಿಗರಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದೇ ವರುಷದ ಏಪ್ರಿಲ್ ೧೩ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಂಕೋಲೆಯಲ್ಲಿ, ನಮ್ಮ ಹತ್ತಿಯ ಬಂಡಿಗಳ ದಾರಿ ಕೊನೆಗೊಳ್ಳುವ ಅದೇ ಕಡಲ ತೀರದಲ್ಲಿ. ಮೂರು ಕೈ ಬದಲಿಸಿದ ಒಂದು ಕೋಲಿನ ಕಥೆಯನ್ನು ಒಂದು ನಾಡು ಇಷ್ಟು ಪ್ರೀತಿಯಿಂದ ಕಾದುಕೊಂಡಿದೆ. ಆದರೂ ಮಂಜೇಶ್ವರದ ಯಾವ ಮೆಳೆಯಿಂದ ಯಾರು ಅದನ್ನು ಕಡಿದು ನೆಟ್ಟಗೆ ಮಾಡಿದರು ಎಂಬುದು ಆ ಕಥೆಯಲ್ಲಿಯೂ ಇಲ್ಲ.

ಆದ್ದರಿಂದ ಈ ಮಾತು ಕೇಳುತ್ತಿರುವವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಒಂದು ಕೋಲು ಇದ್ದೀತು. ಬಾಗಿಲ ಹಿಂದೆ, ದೇವರ ಕೋಣೆಯ ಮೂಲೆಯಲ್ಲಿ, ಅಟ್ಟದ ತೊಲೆಯ ಸಂದಿಯಲ್ಲಿ. ಅದನ್ನು ಇಳಿಸಿ ಧೂಳು ಒರೆಸಿ. ಮನೆಯ ಹಿರಿಯರನ್ನು ಮೂರು ಮಾತು ಕೇಳಿ. ಇದು ಯಾವ ಮರದ್ದು, ಅಥವಾ ಯಾವ ಜೀವಿಯದು? ಇದನ್ನು ಮಾಡಿದವರು ಯಾರು? ಯಾರ ಕೈಗೆಂದು ಮಾಡಿದರು? ಕೊನೆಯ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ, ಮೊದಲನೆಯದಕ್ಕೆ ಊರ ಬಡಿಗೇರರನ್ನು ಕೇಳಬೇಕಾದೀತು. ನಡುವಿನ ಪ್ರಶ್ನೆಗೆ ಉತ್ತರ ಹೇಳಬಲ್ಲವರು ವರುಷದಿಂದ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ. ತಿಳಿದದ್ದನ್ನು ಒಂದು ಹಾಳೆಯ ಮೇಲೆ ಬರೆದು, ದಿನಾಂಕ ಹಾಕಿ, ಕೋಲಿನೊಡನೆಯೇ ಇಟ್ಟುಬಿಡಿ.